ನೆಗಡಿಗೂ ಯಾರಾದ್ರೂ ಅಳ್ತಾರಾ?

ಬೆಂಗಳೂರಿನ ಶಿಕ್ಷಕಿಯೊಬ್ಬರು, ಹೆಸರು ಬೇಡ ಎಂದು, ಬರೆದಿದ್ದಾರೆ: "8 ವರ್ಷದಿಂದ ಅಲರ್ಜಿ ನೆಗಡಿ. ಎದ್ದ ಕೂಡಲೇ ಸಾಲು ಸೀನು. ರಾತ್ರಿ ಮೂಗು ಕಟ್ಟಿ ನಿದ್ದೆ ಇಲ್ಲ. ಈಚೆಗೆ ಮಕ್ಕಳ ಮೇಲೆ ರೇಗುತ್ತೇನೆ, ಸುಮ್ನೆ ಅಳು ಬರುತ್ತದೆ. ಡಾಕ್ಟರಿಗೆ ಇದನ್ನು ಹೇಳಲು ನಾಚಿಕೆ. 'ನೆಗಡಿಗೂ ಯಾರಾದ್ರೂ ಅಳ್ತಾರಾ' ಅಂತಾರೆ ಅತ್ತೆ. ನನ್ನ ಮನಸ್ಸೇ ದುರ್ಬಲವಾ?"

ಸಂಪಾದಕರ ಉತ್ತರ:

ಅಲ್ಲಮ್ಮ, ಖಂಡಿತ ಅಲ್ಲ. ಈ ಕಾಯಿಲೆ ಜೀವ ತೆಗೆಯುವಂಥದ್ದಲ್ಲ. ನಿಮ್ಮ ಅತ್ತೆಯವರ ಮಾತನ್ನು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಗಾದೆ ಕೇಳಿ ಬೆಳೆದ ನಮಗೆ ನೆಗಡಿ ಅಂದರೆ ತಾತ್ಸಾರ.

1819ರಲ್ಲಿ ಜಾನ್ ಬೊಸ್ಟಾಕ್ ಎಂಬ ವೈದ್ಯ ತನ್ನದೇ ಅಲರ್ಜಿ ನೆಗಡಿಯ ಕಥೆಯನ್ನು ಲಂಡನ್ನಿನ ವೈದ್ಯರ ಮುಂದಿಟ್ಟ. ಸೀನಿನ ಜೊತೆಗೆ ವಿಪರೀತ ಸುಸ್ತು, ಊಟ ಸೇರದಿರುವುದು, ನೆಮ್ಮದಿ ಇಲ್ಲದ ರಾತ್ರಿ, ಎಲ್ಲವನ್ನೂ ಬರೆದ. ಇಂದಿನ ವೈದ್ಯರ ಮಾರ್ಗಸೂಚಿಯೂ ಕಾಯಿಲೆ ಎಷ್ಟು ಜೋರಾಗಿದೆ ಎಂದು ತಿಳಿಯಲು ನಿದ್ದೆ ಕೆಡುತ್ತಾ, ಕೆಲಸಕ್ಕೆ ತೊಂದರೆಯಾ ಎಂದೇ ಕೇಳುತ್ತದೆ. ವರ್ಷಗಟ್ಟಲೆ ಸರಿಯಾಗಿ ನಿದ್ದೆ ಮಾಡದವರಿಗೆ ಅಳು ಬರದೆ ಇನ್ನೇನು ಬರುತ್ತದೆ?

ನನ್ನ ತಂಗಿ ಹೈಸ್ಕೂಲಿನಲ್ಲಿ ಬೆಂಚಿನ ಮೇಲೆಯೇ ತೂಕಡಿಸುತ್ತಿದ್ದಳು. ಮೇಷ್ಟ್ರು ಸೋಮಾರಿ ಅಂದರು. ಮನೆಯಲ್ಲಿ ನಾವೂ ಅಂದೆವು. ರಾತ್ರಿ ಮೂಗು ಕಟ್ಟಿ ನಿದ್ದೆ ಇಲ್ಲ, ಹಗಲು ನುಂಗುತ್ತಿದ್ದ ಹಳೇ ಕಾಲದ ಅಲರ್ಜಿ ಮಾತ್ರೆ ಮಂಪರು ತರುವಂಥದ್ದು. ಇದು ನಮಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆ ಮಾತು ಅವಳಿಗೆ ಇವತ್ತಿಗೂ ನೋವು. ನನಗೂ.

ನಿಮ್ಮ ಮೇಲೊಂದು ಸಣ್ಣ ಸಿಟ್ಟಿದೆ. ನಮಗೆ ಬರೆದದ್ದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ? ಮೂಗಿನ ಜೊತೆ ನಿದ್ದೆ, ಅಳು ಎರಡನ್ನೂ ಹೇಳಿ. ಮಾತ್ರೆಯ ಹಾಳೆಯಲ್ಲಿ ಮಾಂಟೆಲುಕಾಸ್ಟ್ ಎಂಬ ಅಲರ್ಜಿ ಔಷಧದ ಹೆಸರಿದ್ದರೆ ಅದನ್ನೂ ತೋರಿಸಿ. ಅದು ಕೆಲವರ ಮನಸ್ಸಿನ ಮೇಲೆ ಪರಿಣಾಮ ಮಾಡಬಹುದು ಎಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ನಮ್ಮಲ್ಲಿ ಎಷ್ಟೋ ಮೆಡಿಕಲ್ ಶಾಪಿನವರು ಚೀಟಿ ಕೇಳದೆಯೇ ಕೊಡುತ್ತಾರೆ. ಮನಸ್ಸು ಹೇಗಿದೆ ಎಂದು ಕೇಳುವವರು ಯಾರು?

ಇನ್ನು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಅದರ ಪರಾಗದಿಂದ ಎಷ್ಟು ಜನ ಸೀನುತ್ತಾರೆ ಅನ್ನುವುದು ಬೆಂಗಳೂರಿಗೆ ಹೊಸ ಸುದ್ದಿಯಲ್ಲ. ಹೂ ಬಿಡುವ ಮೊದಲೇ ಕೀಳಬೇಕು, ಅಷ್ಟೇ ಕೆಲಸ. ನಮ್ಮ ಬೀದಿಯ ಖಾಲಿ ಸೈಟಿನಲ್ಲಿ ಸೊಂಟದೆತ್ತರ ಬೆಳೆದಿದೆ. 2 ಅರ್ಜಿ ಕೊಟ್ಟೆ. ಯಾರೂ ಬರಲಿಲ್ಲ. ಮೊನ್ನೆ ನೋಡಿದರೆ ಹೂ ಬಿಟ್ಟಿದೆ.