ಪ್ರಾಮ್‌ಗೆ ಬಸ್ಸಲ್ಲೇ ಹೋಗಲಿ ಬಿಡಿ

ಪ್ರಶ್ನೆ: ಮಗಳು ಹನ್ನೆರಡನೇ ಕ್ಲಾಸು. ಕಾಲೇಜು ಸೀಟು ಸಿಕ್ಕಿದ್ದೇ ತಡ, ಪುಸ್ತಕ ಮುಟ್ಟುತ್ತಿಲ್ಲ. ಪ್ರಾಮ್ ಅಂತ ಶಾಲೆಯ ಡಾನ್ಸ್ ಪಾರ್ಟಿಗೆ ಡ್ರೆಸ್ಸು, ಅಲ್ಲಿಗೆ ಹೋಗಲು ಸ್ನೇಹಿತರ ಜೊತೆ ಬಾಡಿಗೆ ಪಾರ್ಟಿ ಬಸ್ಸು, ಎಲ್ಲರೂ ಸೇರಿ ಸ್ಕೂಲಿಗೆ ಚಕ್ಕರ್ ಹೊಡೆಯುವ ‘ಸೀನಿಯರ್ ಸ್ಕಿಪ್ ಡೇ’, ದಿನಾ ಒಂದಲ್ಲ ಒಂದು. ಅವರಪ್ಪ ಯಾವುದೂ ಬೇಡ ಅಂತಾರೆ. ನಾನೇನು ಮಾಡಲಿ?
– ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ಪ್ರಾಮ್‌ಗೆ ಕಳಿಸಿ ಅಮ್ಮಾ. ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ಮೇ ತಿಂಗಳ ಈ ಸಂಭ್ರಮವನ್ನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಯಜಮಾನರ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮೂರಲ್ಲಿ ಮೊದಲು ಪಿಯುಸಿ ಪರೀಕ್ಷೆ, ಸಿಇಟಿ, ಆಮೇಲೆ ಸೀಟು. ಕೊನೆಯ ದಿನದವರೆಗೂ ಉಸಿರು ಬಿಗಿಹಿಡಿದು ಓದಬೇಕು. ಇಲ್ಲಿ ಅರ್ಜಿ, ಪ್ರಬಂಧ ಎಲ್ಲ ಚಳಿಗಾಲದಲ್ಲೇ ಮುಗಿದಿರುತ್ತದೆ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ‘ಬರ್ತೀನಿ’ ಅಂತ ಹೇಳಿದರಾಯಿತು. ನಿಮ್ಮ ಮಗಳು ಪಡಬೇಕಾದ ಕಷ್ಟವನ್ನು ಆಗಲೇ ಪಟ್ಟಿದ್ದಾಳೆ. ಇದನ್ನು ಅವರಿಗೆ ಸಮಾಧಾನವಾಗಿ ಕೂತು ಹೇಳಿ.

ಹಾಗಂತ ಪುಸ್ತಕ ಪೂರ್ತಿ ಕಟ್ಟಿಡುವಂತಿಲ್ಲ. ಕಾಲೇಜಿನವರು ಕೊನೆಯ ಅಂಕಪಟ್ಟಿ ತರಿಸಿಕೊಂಡು ನೋಡುತ್ತಾರೆ. ಅಂಕ ತೀರಾ ಕುಸಿದರೆ ಕೊಟ್ಟ ಸೀಟು ವಾಪಸ್ ತೆಗೆದುಕೊಂಡದ್ದೂ ಉಂಟು. ಮೇ ತಿಂಗಳಲ್ಲೇ ಎಪಿ ಪರೀಕ್ಷೆಗಳೂ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠಗಳ ಪರೀಕ್ಷೆ) ಬರುತ್ತವೆ. ಅವು ಮುಗಿಯುವವರೆಗೆ ದಿನಾ ಸ್ವಲ್ಪ ಹೊತ್ತಾದರೂ ಓದಲಿ. ಸ್ಕಿಪ್ ಡೇಗೆ ಮಾತ್ರ ‘ಹುಷಾರಿಲ್ಲ’ ಅಂತ ನೀವು ಸುಳ್ಳು ಚೀಟಿ ಬರೆದುಕೊಡಬೇಡಿ. ಗೈರುಹಾಜರಿ ಜಾಸ್ತಿಯಾದರೆ ಪ್ರಾಮ್‌ಗೇ ಸೇರಿಸದ ಶಾಲೆಗಳಿವೆ. ನಿಮ್ಮ ಶಾಲೆಯ ನಿಯಮ ಏನಂತ ಮೊದಲು ನೋಡಿ.

ಇನ್ನು ಆ ಬಸ್ಸು. ಅದಕ್ಕೆ ನಾನು ಖಂಡಿತ ಹೂಂ ಅಂತೀನಿ. ನ್ಯೂಜೆರ್ಸಿಯಲ್ಲಿ ಈ ವಯಸ್ಸಿನ ಮಕ್ಕಳ ಹತ್ತಿರ ಇರುವುದು ಸಾಮಾನ್ಯವಾಗಿ ಪ್ರೊಬೇಷನರಿ ಲೈಸೆನ್ಸು. ರಾತ್ರಿ 11 ದಾಟಿದ ಮೇಲೆ ಬೆಳಿಗ್ಗೆ 5ರವರೆಗೆ ಗಾಡಿ ಓಡಿಸುವಂತಿಲ್ಲ. ತಂದೆತಾಯಿ ಜೊತೆಗಿಲ್ಲದಿದ್ದರೆ ಒಬ್ಬ ಸ್ನೇಹಿತನಿಗಿಂತ ಜಾಸ್ತಿ ಕೂರಿಸಿಕೊಳ್ಳುವಂತೆಯೂ ಇಲ್ಲ. ಪ್ರಾಮ್ ಮುಗಿಯುವಷ್ಟರಲ್ಲಿ ಹನ್ನೊಂದಾಗಿರುತ್ತದೆ, ಅಲ್ವಾ? ಎಷ್ಟು ಗಂಟೆಗಾದರೂ ಸರಿ, ಫೋನ್ ಮಾಡಿದರೆ ಬಂದು ಕರ್ಕೊಂಡು ಹೋಗ್ತೀವಿ, ಬೈಯಲ್ಲ ಅಂತ ಮಗಳಿಗೆ ಮೊದಲೇ ಹೇಳಿಡಿ. ಆಮೇಲೆ ಯಾರ ಮನೆಯಲ್ಲಾದರೂ ಸೇರುವುದಾದರೆ ಆ ಮನೆಯವರಿಗೆ ನೀವೇ ಫೋನ್ ಮಾಡಿ. ದೊಡ್ಡವರು ಇರ್ತಾರಾ, ಕುಡಿತ ಇರಲ್ಲ ತಾನೇ ಅಂತ ನೇರವಾಗಿ ಕೇಳಿ. ಇಲ್ಲಿ 21 ತುಂಬದವರು ಕುಡಿಯುವ ಹಾಗಿಲ್ಲ. ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮಕ್ಕಳು ಇಷ್ಟೊಂದು ಯಾಕೆ ಕುಣಿಯುತ್ತಾರೆ ಅಂತೀರಾ? ಕಿಂಡರ್‌ಗಾರ್ಟನ್‌ನಿಂದ ಜೊತೆಗಿದ್ದವರು ಆಗಸ್ಟ್ ಬರುತ್ತಿದ್ದಂತೆ ಒಬ್ಬೊಬ್ಬರು ಒಂದೊಂದು ರಾಜ್ಯ ಸೇರುತ್ತಾರೆ. ಇಯರ್‌ಬುಕ್, ಅಂದರೆ ಎಲ್ಲರ ಫೋಟೋ ಇರುವ ಶಾಲೆಯ ವಾರ್ಷಿಕ ಪುಸ್ತಕ, ಕೈಗೆ ಬಂದ ದಿನ ನೋಡಬೇಕು ನೀವು. ಕಾರಿಡಾರಿನಲ್ಲಿ ನೆಲದ ಮೇಲೇ ಕೂತು, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಪುಸ್ತಕ ಇಟ್ಟುಕೊಂಡು ಬರೆಯುತ್ತಾರೆ. ನಾಲ್ಕು ವರ್ಷ ಬಾಯೇ ಬಿಡದ ಹುಡುಗ ಒಂದು ಪುಟ ತುಂಬಾ ಬರೆದುಕೊಟ್ಟದ್ದನ್ನು ಕಂಡಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿದಾಗ ನೀವೂ ಆಟೋಗ್ರಾಫ್ ಪುಸ್ತಕ ಹಿಡಿದು ಓಡಾಡಿರುತ್ತೀರಿ, ನಿಮ್ಮ ಯಜಮಾನರೂ ಅಷ್ಟೇ. ಆ ಪುಸ್ತಕ ಇನ್ನೂ ಇದ್ದರೆ ಮಗಳಿಗೆ ತೋರಿಸಿ.

ಇನ್ನೊಂದು ಮಾತು. ಊರಿಂದ ಅಜ್ಜಿ-ತಾತ ಬರುವವರಿದ್ದರೆ ಗ್ರ್ಯಾಜುಯೇಷನ್ ಸಮಾರಂಭದ ಟಿಕೆಟ್ ಬಗ್ಗೆ ಈಗಲೇ ಶಾಲೆಯಲ್ಲಿ ವಿಚಾರಿಸಿ. ಮನೆಗೆ ಇಷ್ಟೇ ಅಂತ ಮಿತಿ ಇಡುವ ಶಾಲೆಗಳು ಬೇಕಾದಷ್ಟಿವೆ. ಹೈಸ್ಕೂಲು ಮುಗಿಸಿದ ಗುರುತಿಗೆ ಮೊಮ್ಮಗಳು ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸುವುದನ್ನು ಅವರು ಅಲ್ಲೇ ಕೂತು ನೋಡಬೇಕು.