ಕೆಲಸ ಬಿಟ್ಟು ಪೂರ್ತಿ ಪಿಟೀಲಿಗೇ ಇಳಿಯಲಾ?

ಸಂಗೀತದ ವಿದ್ವತ್ ಪರೀಕ್ಷೆ ಮುಗಿದಿದೆ, ವಯಸ್ಸು 22, ಕೈಯಲ್ಲಿ ಐಟಿ ಕೆಲಸದ ಆಫರ್ ಇದೆ, ಬಿಟ್ಟು ಪಿಟೀಲನ್ನೇ ನಂಬಲಾ ಅಂತ ಕೇಳಿದ್ದೀರಿ. ನಾನು ಮೃದಂಗ ನುಡಿಸುತ್ತೇನೆ. ಸದ್ಯಕ್ಕೆ ಕೆಲಸಕ್ಕೆ ಸೇರಿ, ಆದರೆ ಬೆಳಗಿನ ಸಾಧಕ, ಅಂದರೆ ಅಭ್ಯಾಸ, ಒಂದು ದಿನವೂ ತಪ್ಪಿಸಬೇಡಿ.

ಹಾಡುಗಾರರ ಸಂಗೀತ ಕಚೇರಿಗೆ ಪಿಟೀಲು ಬೇಕೇ ಬೇಕು, ಹಾಗಾಗಿ ನಿಮಗೆ ಅವಕಾಶ ಜಾಸ್ತಿ. ಆದರೆ ಗಾಯಕರು ದಿಢೀರ್ ಅಂತ ಅಪರೂಪದ ರಾಗ ಎತ್ತಿಕೊಂಡರೆ ನೆರಳಿನ ಹಾಗೆ ಹಿಂದೆ ಹೋಗಬೇಕು ಅಲ್ವಾ? ಅದನ್ನು ಯಾವ ಪರೀಕ್ಷೆಯೂ ಕಲಿಸುವುದಿಲ್ಲ. ರಾಮನವಮಿ, ಗಣೇಶೋತ್ಸವ, ಸಿಕ್ಕ ಕಡೆಯೆಲ್ಲ ನುಡಿಸಿ. ಆಕಾಶವಾಣಿ ಆಡಿಷನ್ ಕೊಡಿ, ಗ್ರೇಡ್ ಸಿಕ್ಕರೆ ಕಚೇರಿ ಏರ್ಪಡಿಸುವ ಸಂಗೀತ ಸಭೆಗಳವರು ಗಮನಿಸುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನವನ್ನೂ ನೋಡಿ.

ಗಾಯಕರು ತಾವಾಗಿಯೇ ಮತ್ತೆ ಮತ್ತೆ ಫೋನ್ ಮಾಡಿ ಕರೆಯಲು ಶುರು ಮಾಡಿದಾಗ, ಜೊತೆಗೆ ನಾಲ್ಕಾರು ಮಕ್ಕಳಿಗೆ ಪಾಠವೂ ಕುದುರಿದಾಗ, ಧೈರ್ಯವಾಗಿ ಕೆಲಸ ಬಿಡಿ.