ಕೆಲಸದಿಂದ ಬರುವ ತೋಳುನೋವಿನ ಪ್ರಶ್ನಾವಳಿಯನ್ನು ಟರ್ಕಿಶ್‌ಗೆ ಸುಮ್ನೆ ಅನುವಾದ ಮಾಡಿದರೆ ಸಾಲದೇ?

ಸಾಲದು. ಡ್ಯಾಶ್ ಎಂಬ ಪ್ರಶ್ನಾವಳಿಯನ್ನೇ ನೋಡಿ: ಭುಜ, ತೋಳು, ಕೈಗಳ ತೊಂದರೆಯನ್ನು 30 ಪ್ರಶ್ನೆಗಳಲ್ಲಿ ಅಳೆದು 0ಯಿಂದ 100ರವರೆಗೆ ಅಂಕ ಕೊಡುತ್ತದೆ, ಕೆಲಸದ ಬಗ್ಗೆಯೇ ಬೇರೆ 4 ಪ್ರಶ್ನೆಗಳಿವೆ. ತೋಳಿಗೆ ಜಾಸ್ತಿ ಬಲ ಬೀಳುವ ಹವ್ಯಾಸಕ್ಕೆ ಅದರಲ್ಲಿ ಗಾಲ್ಫ್ ಉದಾಹರಣೆ! ಟರ್ಕಿಯ ಹೊಲಿಗೆ ಕಾರ್ಖಾನೆಯ ಹೆಂಗಸಿಗೆ ಅದರಿಂದ ಏನು ಹೊಳೆಯುತ್ತದೆ? ಹಾಗಾಗಿ ಟರ್ಕಿಶ್ ಮನೆಮಾತಿನ ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ಮೂಲ ನೋಡದ ಇನ್ನಿಬ್ಬರು ಅದನ್ನು ವಾಪಸ್ ಇಂಗ್ಲಿಷ್‌ಗೆ ತರುತ್ತಾರೆ, ಎಲ್ಲಿ ಅರ್ಥ ಜಾರಿತು ಅಂತ ಒಂದು ಸಮಿತಿ ಕೂತು ನೋಡುತ್ತದೆ. ಆಮೇಲೆ 30–40 ಜನರಿಗೆ ಕೊಟ್ಟು ‘ನಿಮಗೆ ಏನು ಅರ್ಥವಾಯ್ತು?’ ಎಂದು ಕೇಳುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ ಹಂತ. ಟರ್ಕಿಶ್ ಮಾತಾಡುವವರಿಗೆ ಒಂದು ಅನುಕೂಲವೂ ಇದೆ: ತೋಳಿಗೆ ‘ಕೋಲ್’, ಹಸ್ತಕ್ಕೆ ‘ಎಲ್’. ನಮ್ಮಲ್ಲಿ ಎಲ್ಲಿ ನೋವಾದರೂ ‘ಕೈ ನೋವು’ ಅಲ್ವಾ!